ಸಪ್ಪೆ ಗಂಜಿ

ಹೊಳೆದಂಡೆಯ ಮಠದಲ್ಲಿ ಮಧ್ಯಾಹ್ನದ ದಾಸೋಹಕ್ಕೆ ಬಡಿಸುವ ಹೊಣೆ ಗುರುಸಿದ್ಧನದು. ಹನ್ನೊಂದು ವರ್ಷದಿಂದ ಅವನೇ ಬಡಿಸುತ್ತಿದ್ದ. ಯಾರಿಗೆ ಸಾರು ಹೆಚ್ಚು ಬೇಕು, ಯಾರು ಎರಡನೇ ಸಲ ಹುಗ್ಗಿ ಕೇಳಲು ನಾಚುತ್ತಾರೆ, ಎಲ್ಲ ಅವನಿಗೆ ಗೊತ್ತಿತ್ತು.

ಇನ್ನೊಂದನ್ನೂ ಅವನು ನೋಡುತ್ತಿದ್ದ. ಯಾವ ತಾಯಿ ತನ್ನ ಕೂಸಿಗೆ ಏನು ಉಣಿಸುತ್ತಾಳೆ ಎಂಬುದನ್ನು.

ಪಂಕ್ತಿ ಎದ್ದ ಮೇಲೆ ಅಜ್ಜನ ಹತ್ತಿರ ಹೋಗಿ ಕೂರುತ್ತಿದ್ದ. ಅಜ್ಜ ಎಂದರೆ ಮಠದ ಹಿರಿಯ ಸ್ವಾಮಿಗಳು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಅಜ್ಜಾರು.

“ಆ ಹೆಣ್ಣುಮಗಳು ಕೂಸಿಗೆ ಚಾದಾಗ ಬಿಸ್ಕೀಟ ಅದ್ದಿ ಕೊಡತಾಳ್ರಿ ಅಜ್ಜಾರ. ಅದೇನು ಊಟಾನ್ರಿ?”

ಅಜ್ಜ ಹೂಂ ಎಂದರು.

“ಇನ್ನೊಬ್ಬಾಕಿ ಮಗನ ಬಾಯಾಗ ಮೆಣಸಿನಕಾಯಿ ಚಟ್ನಿ ಇಡತಾಳ. ಮೂರು ವರ್ಷದ ಹುಡುಗ!”

“ಅಳತಾನೇನು?”

“ಇಲ್ರಿ. ಇನ್ನಷ್ಟು ಬೇಡತಾನ.”

ಅಜ್ಜ ನಕ್ಕರು. ಗುರುಸಿದ್ಧ ನಗಲಿಲ್ಲ.

ಅವನ ತಾಯಿ ತನ್ನ ತಟ್ಟೆಯ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ನನಗೆ ಹಸಿವಿಲ್ಲ ಎಂದು ನೀರು ಕುಡಿದು ಏಳುತ್ತಿದ್ದವಳು. ತಾಯಿ ಎಂದರೆ ಹಾಗೆ ಎಂದು ಅವನ ಮನಸ್ಸಿನಲ್ಲಿ ಊರಿ ಹೋಗಿತ್ತು. ಉಳಿದವರನ್ನೆಲ್ಲ ಆಕೆಯ ಪಕ್ಕದಲ್ಲಿ ನಿಲ್ಲಿಸಿಯೇ ನೋಡುತ್ತಿದ್ದ.

ಆ ವರ್ಷ ಹೊಳೆಯ ಗುಂಟ ಅರ್ಧ ಮೈಲಿ ಕೆಳಗೆ ಇಟ್ಟಿಗೆ ಸುಡುವ ಇಟ್ಟಂಗಿ ಭಟ್ಟಿ ಹಾಕಿದರು. ಕೆಲಸಕ್ಕೆ ಬಂದವರು ಮಧ್ಯಾಹ್ನ ಮಠಕ್ಕೆ ಉಣ್ಣಲು ಬರತೊಡಗಿದರು.

ಅವರಲ್ಲಿ ಹುಲಿಗೆವ್ವ ಎಂಬಾಕೆ ಒಬ್ಬಳು. ಗಂಡ ಇಲ್ಲ. ನೀಲಿ ಎಂಬ ಐದು ವರ್ಷದ ಮಗಳು ಜೊತೆಗೆ. ಬಿಳಿಚಿಕೊಂಡ, ಕಡ್ಡಿಯಂಥ ಹುಡುಗಿ.

ಮೊದಲ ದಿನವೇ ಗುರುಸಿದ್ಧನ ಕಣ್ಣು ಅವರ ಮೇಲೆ ಬಿತ್ತು.

ಹುಲಿಗೆವ್ವ ಮಗಳ ಮುಂದೆ ಎಲೆ ಹಾಕಿಸಲಿಲ್ಲ. ಸೆರಗಿನ ಗಂಟಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ಒಳಗೆ ಜೋಳದ ನುಚ್ಚಿನ ಗಂಜಿ. ಮಜ್ಜಿಗೆ ಇಲ್ಲ, ಚಟ್ನಿ ಇಲ್ಲ. ಅದನ್ನು ಮಗಳ ಕೈಗಿಟ್ಟು ತಾನು ಆಚೆ ಸರಿದು ಕೂತಳು. ಮಗಳಿಗೆ ಬೆನ್ನು ತಿರುಗಿಸಿ ಗಬಗಬನೆ ಉಂಡಳು. ರೊಟ್ಟಿ, ಸಾರು, ಹುಗ್ಗಿ, ಉಪ್ಪಿನಕಾಯಿ.

ಹುಡುಗಿ ತಾಯಿಯ ಬೆನ್ನು ನೋಡುತ್ತ ಗಂಜಿ ಕುಡಿಯಿತು.

ಮರುದಿನವೂ ಹಾಗೇ. ಅದರ ಮರುದಿನವೂ.

“ಕಳ್ಳರಂಗ ತಿರುಗಿ ಕುಂತು ಉಣ್ತಾಳ್ರಿ,” ಎಂದು ಗುರುಸಿದ್ಧ ಅಜ್ಜನಿಗೆ ಹೇಳಿದ. “ತನಗ ಹುಗ್ಗಿ, ಹೊಟ್ಟ್ಯಾಗ ಹುಟ್ಟಿದ ಕೂಸಿಗೆ ಸಪ್ಪೆ ಗಂಜಿ. ನನ್ನ ಕೈಯಿಂದ ಬಡಸಾಕ ಆಗವಲ್ದು.”

ಅಜ್ಜ ಜಪದ ಮಣಿ ಎಣಿಸುತ್ತಿದ್ದರು. ಎಣಿಸುತ್ತಲೇ ಹೂಂ ಎಂದರು.

ನಾಲ್ಕನೆಯ ದಿನ ಅವನು ಸಾರಿನ ಬಕೀಟು ಹಿಡಿದುಕೊಂಡೇ ಆಕೆಯ ಎದುರು ನಿಂತ.

“ಏನವ್ವಾ, ಕೂಸಿಗೆ ಬಡಸಲೇನು?”

“ಬ್ಯಾಡ್ರಿ. ಆಕಿಗೆ ಒಗ್ಗೂದಿಲ್ಲ.”

“ನಿನಗ ಒಗ್ಗತೈತಿ, ಆಕಿಗೆ ಒಗ್ಗೂದಿಲ್ಲ?”

ಹುಲಿಗೆವ್ವ ತಲೆ ತಗ್ಗಿಸಿದಳು. ಪಂಕ್ತಿಯಲ್ಲಿ ಮಾತು ನಿಂತಿತು. ಅರವತ್ತು ಜನ ಅವಳ ಕಡೆ ತಿರುಗಿದರು.

“ಇಲ್ಲಿ ಯಾರಿಗೂ ಇಲ್ಲ ಅನ್ನೂದಿಲ್ಲ. ಕೇಳಿದಷ್ಟು ಬಡಸ್ತೀವಿ. ಅಂಥಾದ್ರಾಗ ಕೂಸಿನ ಬಾಯಿ ಕಟ್ಟಿ ನೀ ಉಣ್ತಿ. ಹೆತ್ತ ತಾಯಿ ಹೌದೋ ಅಲ್ಲೋ ನೀ?”

ಅದು ದೊಡ್ಡ ದನಿ. ಅವನಿಗೇ ತನ್ನ ದನಿ ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

“ಖರೇ ಹೇಳಿದ್ರಿ,” ಎಂದಳು ಪಂಕ್ತಿಯ ಒಬ್ಬ ಮುದುಕಿ. “ನಾನೂ ನೋಡಾಕತ್ತೀನಿ ನಾಕು ದಿನದಿಂದ,” ಎಂದಳು ಇನ್ನೊಬ್ಬಳು.

ಹುಲಿಗೆವ್ವ ಮಗಳ ಡಬ್ಬಿಯ ಮೇಲೆ ಕೈ ಇಟ್ಟಳು.

ಗುರುಸಿದ್ಧ ಹುಡುಗಿಯ ಮುಂದೆ ಎಲೆ ಹಾಸಿದ. ರೊಟ್ಟಿ ಇಟ್ಟು ಮೇಲೆ ಸಾರು ಸುರಿದ. ಉಪ್ಪಿನಕಾಯಿ ಇಟ್ಟ, ಸಂಡಿಗೆ ಇಟ್ಟ. ಹುಡುಗಿ ತಾಯಿಯ ಮುಖ ನೋಡಿತು.

ಹುಲಿಗೆವ್ವ ಸುತ್ತ ಒಮ್ಮೆ ನೋಡಿದಳು. ಆಮೇಲೆ ತಾನೇ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಮಗಳ ಬಾಯಿಗಿಟ್ಟಳು.

ನೀಲಿ ಕಣ್ಣು ಮುಚ್ಚಿಕೊಂಡು ಚಪ್ಪರಿಸಿತು.

“ಪಾಪ, ಎಷ್ಟು ದಿನ ಆಗಿತ್ತೋ ಅದು ರುಚಿ ಕಂಡು,” ಎಂದರು ಯಾರೋ.

ಅಂದು ಗುರುಸಿದ್ಧ ಹಗುರಾಗಿ ಅಜ್ಜನ ಬಳಿ ಹೋದ. ನಡೆದದ್ದನ್ನೆಲ್ಲ ಹೇಳಿದ.

ಅಜ್ಜ ಕೇಳಿದರು, “ಗಂಜಿ ಯಾಕ ಕೊಡತಿದ್ಲು ಆಕಿ?”

“ಉಣಸಾಕ ಬ್ಯಾಸರಕಿ ಇರಬೇಕ್ರಿ.”

“ಇರಬೇಕು ಅಂತಿ. ಕೇಳಿದ್ಯಾ?”

“ಕೇಳೂದೇನ್ರಿ ಅಜ್ಜಾರ, ಕಣ್ಣಿಗೆ ಕಾಣತಿತ್ತಲ್ಲ.”

ಅಜ್ಜ ಹೊಳೆಯ ಕಡೆ ಮುಖ ಮಾಡಿ ಕೂತರು.

ಅಂದಿನಿಂದ ಹುಲಿಗೆವ್ವ ಡಬ್ಬಿ ತರಲಿಲ್ಲ. ನೀಲಿಯ ಎಲೆಗೆ ಗುರುಸಿದ್ಧ ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದ. ಹುಡುಗಿ ಅವನನ್ನು ಕಾಕಾ ಎಂದು ಕರೆಯಿತು. ಉಪ್ಪಿನಕಾಯಿಯ ರಸ ಬೆರಳಿಗೆ ಹಚ್ಚಿಕೊಂಡು ನೆಕ್ಕುತ್ತಿತ್ತು. ಒಂಬತ್ತು ದಿನದಲ್ಲಿ ಅದರ ಗಲ್ಲ ತುಂಬಿಬಂದವು. ಕಡ್ಡಿಯಂಥ ಕಾಲು ದುಂಡಗಾದವು.

ಹತ್ತನೆಯ ದಿನ ಅವನು ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಅಜ್ಜನ ಮುಂದೆ ಬಂದ. ಹುಲಿಗೆವ್ವ ಹಿಂದೆ ಬಂದು ಕಂಬದ ಹತ್ತಿರ ನಿಂತಳು.

“ನೋಡ್ರಿ ಅಜ್ಜಾರ. ಹೆಂಗ ಮೈ ಹಿಡಿದೈತಿ!”

ಅಜ್ಜ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮುಖ ನೋಡಿದರು. ಕಣ್ಣಿನ ರೆಪ್ಪೆ ಉಬ್ಬಿದ್ದವು. ಅವರು ಹೆಬ್ಬೆರಳಿನಿಂದ ಅದರ ಮೊಣಕಾಲಿನ ಕೆಳಗೆ ಒತ್ತಿ ಹಿಡಿದು, ಬೆರಳು ತೆಗೆದರು.

ಒತ್ತಿದ ಕಡೆ ಗುಳಿ ಬಿದ್ದಿತು. ಅದು ಮತ್ತೆ ಮೇಲೇಳಲಿಲ್ಲ.

ನೀಲಿಯೂ ಬಗ್ಗಿ ನೋಡಿತು. ತನ್ನ ಸಣ್ಣ ಬೆರಳಿನಿಂದ ಪಕ್ಕದಲ್ಲಿ ಇನ್ನೊಂದು ಗುಳಿ ಮಾಡಿತು.

“ಡಾಕ್ಟ್ರೂ ಹಿಂಗಾ ಮಾಡತಾರ,” ಎಂದಿತು.

“ಯಾವ ಡಾಕ್ಟ್ರವ್ವಾ?” ಅಜ್ಜನ ದನಿ ಮೆತ್ತಗಿತ್ತು.

“ದೊಡ್ಡ ದವಾಖಾನಿ ಡಾಕ್ಟ್ರು. ಉಪ್ಪು ತಿಂದ್ರ ಬೈತಾರ.”

ಗುರುಸಿದ್ಧ ಕಂಬದ ಕಡೆ ತಿರುಗಿದ. ಹುಲಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಜ್ಜ ಆಗಲೇ ಎದ್ದಿದ್ದರು. “ಜೀಪು ತರಿಸು,” ಎಂದರು.

ಜಿಲ್ಲಾ ಊರಿನ ದವಾಖಾನೆಯಲ್ಲಿ ಹುಡುಗಿಯನ್ನು ಒಳಗೆ ತೆಗೆದುಕೊಂಡರು. ಅದಕ್ಕೆ ಎರಡು ವರ್ಷದಿಂದ ಕಿಡ್ನಿಯ ರೋಗ. ಬಾವು ಇಳಿಯಲು ಉಪ್ಪು ಬಿಡಿಸಿದ್ದರು. ಈಗ ನೀರು ಎದೆಗೆ ಏರಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕೂತೇ ನಿದ್ದೆ ಮಾಡುತ್ತಿತ್ತು.

ಗುರುಸಿದ್ಧ ಮಠಕ್ಕೆ ಮರಳಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಹುಲಿಗೆವ್ವನ ಪಕ್ಕ ಕೂತ. ಎರಡನೇ ದಿನ ಬಾಯಿ ಬಿಟ್ಟ.

“ಆವತ್ತಾ ಯಾಕ ಹೇಳಲಿಲ್ಲ ಯವ್ವಾ?”

“ಒಗ್ಗೂದಿಲ್ಲ ಅಂದೆನಲ್ರಿ.”

ಹೌದು, ಅಂದಿದ್ದಳು.

ಹುಲಿಗೆವ್ವ ತಾನೇ ಮುಂದುವರಿಸಿದಳು. “ಅಷ್ಟು ಮಂದಿ ನನ್ನ ನೋಡಾಕತ್ತಿದ್ರು. ನೀವು ಮಠದವರು, ತಿಳಿದವರು. ದೇವರ ಪ್ರಸಾದ ಕೂಸಿಗೆ ಏನೂ ಮಾಡೂದಿಲ್ಲ ಅನಿಸ್ತು. ಮರುದಿನ ಡಬ್ಬಿ ಕಟ್ಟಿದ್ದೆರಿ. ಮತ್ತ ಬೈತಾರಂತ ಅಲ್ಲೇ ಬಿಟ್ಟು ಬಂದೆ.”

“ಆಕಿಗೆ ಬೆನ್ನು ಮಾಡಿ ಉಣ್ತಿದ್ದಿ…”

“ಆಕಿ ಕಣ್ಣಿಗೆ ಬೀಳಬಾರದಂತ್ರಿ. ಬಿಟ್ಟು ಬರಾಕ ಯಾರೂ ಇರಲಿಲ್ಲ. ನಾ ಉಣದಿದ್ರ ಇಟ್ಟಂಗಿ ಹೊರಾಕ ಆಗೂದಿಲ್ಲ.”

ಆಕೆ ಒಂದು ಮಾತೂ ಗಡಸಾಗಿ ಆಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

“ಗಲ್ಲ ತುಂಬಿದ್ದು ನೋಡಿ ನನಗೂ ಖುಷಿ ಆಗಿತ್ರಿ,” ಎಂದಳು ಹುಲಿಗೆವ್ವ. “ಬಾವು ಅಂತ ಒಳಗ ಗೊತ್ತಿತ್ತು. ಆದ್ರೂ ಒಂದೆರಡು ದಿನ ಖುಷಿಪಟ್ಟೆ.”

ಐದನೇ ದಿನ ಬೆಳಗ್ಗೆ ನೀಲಿ ತೀರಿಕೊಂಡಿತು.

ಡಾಕ್ಟರು ಉಪ್ಪಿನಿಂದಲೇ ಆಯಿತು ಎನ್ನಲಿಲ್ಲ. ರೋಗ ಮೊದಲೇ ಬಲಿತಿತ್ತು ಎಂದರು. ಉಪ್ಪಿನಿಂದ ಅಲ್ಲ ಎಂದೂ ಅನ್ನಲಿಲ್ಲ.

ಹೊಳೆಯ ದಂಡೆಯಲ್ಲೇ ಮಣ್ಣು ಮಾಡಿದರು. ಅಜ್ಜ ಬಂದು ಕೊನೆಯ ಹಿಡಿ ಮಣ್ಣು ಹಾಕುವವರೆಗೂ ನಿಂತಿದ್ದರು. ಮರಳುವಾಗ ದಾರಿಯಲ್ಲಿ ಹೇಳಿದರು, “ನೀ ದಿನಾ ಬಂದು ಹೇಳತಿದ್ದಿ. ನಾ ಹೂಂ ಅಂತ ಕೇಳಿದೆ. ಎದ್ದು ಬಂದು ಆಕೀನ ಕೇಳಬೇಕಿತ್ತು. ಇದರಾಗ ನನ್ನ ಪಾಲೂ ಐತಿ.”

ಗುರುಸಿದ್ಧನಿಗೆ ಅಳು ಬರಲಿಲ್ಲ. ಅಜ್ಜನ ಹಿಂದೆ ನಡೆದ.

ಅಂದಿನಿಂದ ಅವನು ಉಪ್ಪು ಬಿಟ್ಟ. ಬೇರೆ ಪಾತ್ರೆಯಲ್ಲಿ ತಾನೇ ನುಚ್ಚು ಬೇಯಿಸಿಕೊಂಡು, ಮೂಲೆಯಲ್ಲಿ ಕೂತು ಉಣ್ಣುತ್ತಿದ್ದ. ದಾಸೋಹಕ್ಕೆ ಬಡಿಸಲು ಬರಲಿಲ್ಲ. ಎಂಟನೇ ದಿನ ಅಜ್ಜ ಅವನಿದ್ದಲ್ಲಿಗೇ ಬಂದರು.

“ಏನಿದು?”

“ಇನ್ನ ಜೀವ ಇರೂತನಕ ಉಪ್ಪು ಮುಟ್ಟೂದಿಲ್ರಿ. ಇದಾ ನನ್ನ ಪ್ರಾಯಶ್ಚಿತ್ತ.”

ಅಜ್ಜ ಗಂಜಿಯ ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು. ಮತ್ತೆ ಕೆಳಗಿಟ್ಟರು.

“ನೀ ಸಪ್ಪಗ ಉಂಡ್ರ ಆ ತಾಯಿಗೆ ಏನು ಸಿಕ್ಕಿತು?”

ಗುರುಸಿದ್ಧ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡ.

“ಭಟ್ಟಿಗೆ ಹೋಗು. ಆಕಿ ಹೆಂಗ ಅದಾಳ ನೋಡು.”

ಅವನು ಬುತ್ತಿ ಕಟ್ಟಿಕೊಂಡು ಹೋದ.

ಭಟ್ಟಿಯ ಆಚೆ ತಗಡಿನ ಗುಡಿಸಲುಗಳ ಸಾಲು. ನೀರಿನ ಡ್ರಮ್ಮಿನ ಹತ್ತಿರ ಐವರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರೆಲ್ಲ ಮಠಕ್ಕೆ ಉಣ್ಣಲು ಬರುವವರೇ. ಅಂದು ಪಂಕ್ತಿಯಲ್ಲಿದ್ದವರೇ.

“ಡಾಕ್ಟ್ರು ಬ್ಯಾಡ ಅಂದಿದ್ರಂತ,” ಎನ್ನುತ್ತಿದ್ದಳು ಒಬ್ಬಳು. “ಆದ್ರೂ ಉಪ್ಪಿನಕಾಯಿ ನೆಕ್ಕಿಸ್ಯಾಳ.”

“ತನ್ನ ಕೈಯಾರೆ ಉಣಸಿದ್ಲು. ನಾನಾ ನೋಡೀನಿ.”

“ಕೂಸು ಹೋದ್ರ ಹಗುರಾಗತೈತಿ ಅಂತ ಇತ್ತೋ ಏನೋ.”

ಎರಡು ಮಾರು ದೂರದಲ್ಲಿ ಹುಲಿಗೆವ್ವ ತನ್ನ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಳು. ಮಾತು ಅವಳ ಕಿವಿಗೆ ಬೀಳುವಷ್ಟು ಹತ್ತಿರ. ಬೀಳಲಿ ಎಂದೇ ಆಡಿದ ಮಾತು.

ಗುರುಸಿದ್ಧನನ್ನು ಕಂಡು ಹೆಂಗಸರು ಸೆರಗು ಸರಿಮಾಡಿಕೊಂಡರು.

“ನೀವಾ ಹೇಳ್ರಿ ಸ್ವಾಮ್ಯಾರ,” ಎಂದಳು ಮೊದಲನೆಯವಳು. “ಹೆತ್ತಾಕಿ ಮಾಡೂ ಕೆಲಸಾ ಏನ್ರಿ ಇದು?”

ಹುಲಿಗೆವ್ವ ತಲೆ ಎತ್ತಿದಳು. ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಕಾಯುವವರು ನೋಡುವಂತೆ ನೋಡಿದಳು.

ಬಡಿಸಿದ್ದು ನಾನು ಎಂದು ಅವನು ಹೇಳಬೇಕಿತ್ತು. ಐದು ಕೊಡಗಳು, ಐದು ಮುಖಗಳು ಅವನ ಕಡೆ ತಿರುಗಿದ್ದವು. ಹನ್ನೊಂದು ವರ್ಷ ಅವನ ಕೈಯಿಂದ ಉಂಡು ಜನ ಕೈಮುಗಿದಿದ್ದರು.

“ಎಲ್ಲಾ ಶಿವನಿಚ್ಛೆ,” ಎಂದ.

ಹುಲಿಗೆವ್ವ ತಲೆ ಕೆಳಗೆ ಹಾಕಿದಳು. ಅವನು ಬುತ್ತಿಯನ್ನು ಆಕೆಯ ಪಕ್ಕದಲ್ಲಿಟ್ಟ. ಆಕೆ ಅದನ್ನು ಮುಟ್ಟಲಿಲ್ಲ. ಅವನು ಬಂದ ದಾರಿಯಲ್ಲೇ ತಿರುಗಿದ. ಬೆನ್ನ ಹಿಂದೆ ಮತ್ತೆ ಮಾತು ಶುರುವಾದದ್ದು ಕೇಳಿಸಿತು. ಹೆಜ್ಜೆ ಬೇಗ ಹಾಕಿದ.

ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಗುರುಸಿದ್ಧ ಅಡ್ಡಬಿದ್ದು ನಡೆದದ್ದನ್ನು ಹೇಳಿದ. ಮೊದಲು ಹೆಂಗಸರ ಮಾತು ಹೇಳಿದ. ಹುಲಿಗೆವ್ವ ನೋಡಿದ್ದನ್ನು ಹೇಳಿದ. ತಾನು ಆಡಿದ್ದನ್ನು ಕೊನೆಗೆ ಹೇಳಿದ.

ಭಟ್ಟಿಯ ಹೊಗೆ ಹೊಳೆಯ ಮೇಲೆ ಬಂದು ಹರಡುತ್ತಿತ್ತು.

“ಹೋಗಿ ಬಂದೆನ್ರಿ ಅಜ್ಜಾರ,” ಎಂದ ಗುರುಸಿದ್ಧ, ಮತ್ತೇನೂ ತೋಚದೆ. “ಇನ್ನೇನು ಮಾಡಲ್ರಿ?”

ಅಜ್ಜ ಅವನನ್ನು ನೋಡಿದರು.

“ಇನ್ನೂ ಬಿಸಲೈತಿ, ಏಳು. ನೀ ಅಲ್ಲಿಗೆ ಇನ್ನೂ ಹೋಗೇ ಇಲ್ಲ.”