ತನ್ನ ಶ್ರಾದ್ಧ ತಾನೇ ಮಾಡಿಕೊಂಡ ಶೇಷಂಭಟ್ಟ

ಮಡುವಿನಕೋಟೆ ಅಂತ ಒಂದು ರಾಜ್ಯವಿತ್ತು. ದೊಡ್ಡ ರಾಜ್ಯವೇನಲ್ಲ. ಈ ಗಡಿಯಲ್ಲಿ ಒಬ್ಬ ಸೀನಿದರೆ ಆ ಗಡಿಯಲ್ಲಿದ್ದವರು ‘ನೂರು ವರ್ಷ ಬಾಳಪ್ಪ’ ಅನ್ನುತ್ತಿದ್ದರು, ಅಷ್ಟೇ. ಆ ರಾಜ್ಯಕ್ಕೆ ಮಲ್ಲರಸ ಅಂತ ಒಬ್ಬ ರಾಜ. ಆ ರಾಜನಿಗೆ ಶೇಷಂಭಟ್ಟ ಅಂತ ಒಬ್ಬ ಆಸ್ಥಾನ ಪಂಡಿತ. ಆ ಪಂಡಿತನಿಗೆ ದಿನಾ ಹೊಟ್ಟೆ ತುಂಬ ಬಡಿಸುತ್ತಿದ್ದವಳು ಅರಮನೆಯ ಛತ್ರದ ಅಡುಗೆಯ ಗೋದಕ್ಕ. ಈ ಕಥೆ ಅವಳದು. ಮಿಕ್ಕವರು ತಾವು ದೊಡ್ಡವರು ಅಂದುಕೊಂಡು ನಡುವೆ ನುಗ್ಗುತ್ತಾರೆ, ನುಗ್ಗಲಿ ಬಿಡಿ.

ಶೇಷಂಭಟ್ಟನ ವಿದ್ಯೆ ಅಂದರೆ ಸಾಮಾನ್ಯವೇ? ಇಡೀ ವೇದಾಂತ ಬಾಯಿಪಾಠ. ಮೊದಲಿಂದ ಕೊನೆಗೆ ಹೇಳುತ್ತಿದ್ದ, ಕೊನೆಯಿಂದ ಮೊದಲಿಗೂ ಹೇಳುತ್ತಿದ್ದ. ನಡುವೆ ನಿಲ್ಲಿಸಿ ಕೇಳಿದರೆ ಯಾವ ಓಲೆಗರಿ, ಎಷ್ಟನೇ ಸಾಲು ಅಂತಲೂ ಹೇಳುತ್ತಿದ್ದ. ಊಟಕ್ಕೆ ಕೂರುವ ಮುಂಚೆ ಮೂರು ಮಾತು ಹೇಳಿಯೇ ಕೂರುತ್ತಿದ್ದ. “ನಾನು ಈ ದೇಹವಲ್ಲ. ನನಗೆ ಹೆಸರಿಲ್ಲ. ನನ್ನನ್ನು ಬಿಟ್ಟು ಎರಡನೆಯದು ಇಲ್ಲ.” ಹೇಳಿ ಮುಗಿಸಿ, ಪಂಕ್ತಿಯ ಮೊದಲ ಎಲೆ ತನ್ನದೇ ಹೌದೋ ಅಲ್ಲವೋ ಅಂತ ನೋಡುತ್ತಿದ್ದ. ಅಲ್ಲದಿದ್ದರೆ, ಅಲ್ಲಿ ಕೂತ ಆ ಎರಡನೆಯದು ಯಾವುದು ಅಂತ ಕಣ್ಣು ಕೆಂಪಗೆ ಮಾಡಿ ಹುಡುಕುತ್ತಿದ್ದ.

ಗೋದಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯಾದ ನಾಲ್ಕನೇ ವರ್ಷ ಗಂಡ ಹೋದ, ಮರುವರ್ಷ ಮಗು ಹೋಯಿತು. ಛತ್ರದ ಒಲೆಯ ಮುಂದೆ ಕೂತು ತಿಂಗಳುಗಟ್ಟಲೆ ಅತ್ತಳು. ಹೊಗೆಗೆ ಕಣ್ಣೀರು ಬರುತ್ತಿದೆ ಅಂತ ಜನ ಅಂದುಕೊಂಡರು. ಒಂದು ದಿನ ಬೆಳಿಗ್ಗೆ ಅಳುತ್ತಾ ಅಳುತ್ತಾ, ಇಷ್ಟು ದಿನದಿಂದ ಅಳುತ್ತಿದೆಯಲ್ಲ, ಇದು ಯಾರು ಅನ್ನಿಸಿತು. ಹುಡುಕಿದಳು. ಅಳು ಸಿಕ್ಕಿತು, ನೆನಪು ಸಿಕ್ಕಿತು, ಅಳುವವಳು ಮಾತ್ರ ಸಿಗಲಿಲ್ಲ. ಆ ಜಾಗದಲ್ಲಿ ಏನೋ ಒಂದು ತಣ್ಣಗೆ ನೋಡುತ್ತಾ ಕೂತಿತ್ತು. ಅದಕ್ಕೇನು ಹೆಸರು ಅಂತ ಅವಳಿಗೆ ತಿಳಿಯಲಿಲ್ಲ. ಒಲೆ ಆರುತ್ತಿತ್ತು, ಸೌದೆ ಮುಂದಕ್ಕೆ ತಳ್ಳಿದಳು. ಅವತ್ತಿನಿಂದ ದುಃಖ ಬರಲೇ ಇಲ್ಲ ಅಂತಲ್ಲ. ಬರುತ್ತಿತ್ತು, ಸ್ವಲ್ಪ ಹೊತ್ತಿದ್ದು ಹೋಗುತ್ತಿತ್ತು.

ಇನ್ನು ರಾಜ. ಮಲ್ಲರಸನ ಅಣ್ಣ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಲ್ಲೇ ಪ್ರಾಣ ಬಿಟ್ಟಿದ್ದ. ಅದನ್ನು ಕಣ್ಣಾರೆ ಕಂಡ ಮಲ್ಲರಸನಿಗೆ ಸಾವಿನ ಭಯ ಹಿಡಿಯಿತು. ಶೇಷಂಭಟ್ಟನ ಹತ್ತಿರ ಪಾಠಕ್ಕೆ ಕೂತ. ಮೊದಲನೇ ವರ್ಷ, ಭಯ ಅಂದರೆ ಅವಿದ್ಯೆ ಅಂತ ಕಲಿತ. ಎರಡನೇ ವರ್ಷ, ಅವಿದ್ಯೆ ಇಂಥದ್ದು ಅಂತ ಹೇಳಲು ಬರುವುದಿಲ್ಲ ಅಂತ ಕಲಿತ. ಮೂರನೇ ವರ್ಷ, ಹೇಳಲು ಬಾರದ್ದಕ್ಕೆ ಐದು ಲಕ್ಷಣ ಕಲಿತ. ಈಗಲೂ ಭಯ ಪಡುತ್ತಿದ್ದ, ಆದರೆ ಶುದ್ಧ ಸಂಸ್ಕೃತದಲ್ಲಿ ಪಡುತ್ತಿದ್ದ.

ಒಂದು ಮಧ್ಯಾಹ್ನ ಬೇಟೆಯಿಂದ ಬಳಲಿ ಬಂದವನು ನೇರ ಛತ್ರಕ್ಕೇ ನುಗ್ಗಿದ. ಗೋದಕ್ಕ ಮಜ್ಜಿಗೆ ಅನ್ನ ಕಲಸಿಕೊಟ್ಟಳು. ತಿನ್ನುತ್ತಾ ರಾಜ ಕೇಳಿದ:

“ಗೋದಕ್ಕ, ನಿನಗೆ ಭಯ ಆಗಲ್ವಾ?”

“ಬರತ್ತೆ ಸ್ವಾಮಿ. ಬಂದಾಗ, ಯಾರಿಗೆ ಬಂತು ಅಂತ ನೋಡ್ತೀನಿ. ನೋಡೋಕೆ ಹೊರಟರೆ ಅದಕ್ಕೆ ಕೂರೋಕೆ ಜಾಗ ಸಿಗಲ್ಲ. ಎದ್ದು ಹೋಗತ್ತೆ. ಉಪ್ಪಿನಕಾಯಿ ಹಾಕಲಾ?”

ರಾಜ ಅವತ್ತು ಅರಮನೆಗೆ ಹೋಗಿ ಹಾಗೇ ನೋಡಿದ. ಎರಡನೇ ದಿನ ಬಂದು ಮತ್ತೆ ಕೇಳಿದ. ಮೂರನೇ ದಿನ ಬಂದ, ಏನೂ ಕೇಳಲಿಲ್ಲ, ಸುಮ್ಮನೆ ಊಟ ಮಾಡಿದ. ನಾಲ್ಕನೇ ದಿನದಿಂದ ಪಾಠಕ್ಕೆ ಹೋಗುವುದನ್ನೇ ನಿಲ್ಲಿಸಿದ.

ಕಾರಣ ವಿಚಾರಿಸಿ ತಿಳಿದ ಶೇಷಂಭಟ್ಟನಿಗೆ ಮೈ ಉರಿಯಿತು. ದೇಹವೇ ಇಲ್ಲದವನಿಗೆ ಉರಿದದ್ದು ಯಾವುದೋ, ಅಂತೂ ಉರಿಯಿತು. ನೇರ ರಾಜನ ಹತ್ತಿರ ಹೋದ. “ಅಕ್ಷರ ಬಾರದವಳು ಆತ್ಮದ ಮಾತಾಡಿದ್ದಾಳೆ. ಇದು ಮಹಾ ಅಪಚಾರ. ಸಭೆ ಕರೆಯಿರಿ. ಶಾಸ್ತ್ರದಿಂದ ಉತ್ತರ ಕೊಟ್ಟರೆ ಇರಲಿ, ಕೊಡದಿದ್ದರೆ ನದಿಯಾಚೆಗೆ ಅಟ್ಟಬೇಕು” ಅಂತ ದೂರು ಕೊಟ್ಟ. ರಾಜನಿಗೆ ಸಾವಿನ ಭಯ ಕಮ್ಮಿಯಾಗಿತ್ತೇ ಹೊರತು ಪಂಡಿತರ ಭಯ ಹಾಗೇ ಇತ್ತು. ಒಪ್ಪಿಕೊಂಡ.

ಸಭೆ ಸೇರಿತು. ಗೋದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. ಅವಳಿಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ನದಿಯಾಚೆ ಅವಳಿಗೆ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ. ಇದ್ದದ್ದು ಈ ಒಲೆ, ಈ ಛತ್ರ, ಹೊತ್ತಿಗೆ ಸರಿಯಾಗಿ ಹಸಿದು ಬರುವ ದಾರಿಹೋಕರು.

“ಮಾಯೆಗೆ ಶಕ್ತಿಗಳು ಎಷ್ಟು?” ಶೇಷಂಭಟ್ಟ ಗುಡುಗಿದ.

“ಗೊತ್ತಿಲ್ಲ ಭಟ್ಟರೇ.”

“ಆತ್ಮಕ್ಕೆ ಕವಿದ ಕೋಶಗಳು ಎಷ್ಟು?”

“ಗೊತ್ತಿಲ್ಲ.”

“ನಿನಗೆ ಇದನ್ನೆಲ್ಲ ಹೇಳಿಕೊಟ್ಟ ಗ್ರಂಥ ಯಾವುದು?”

“ಗೊತ್ತಿಲ್ಲ.”

“ನೋಡಿದಿರಾ!” ಅಂದ ಶೇಷಂಭಟ್ಟ. ಸಭೆಯಲ್ಲಿದ್ದ ಅನಂತ ಜೋಯಿಸ ಮೊದಲಾದ ಪಂಡಿತರೆಲ್ಲ ತಲೆಯಾಡಿಸಿದರು. ರಾಜ ತಲೆ ತಗ್ಗಿಸಿದ.

ಗೋದಕ್ಕ ಕೇಳಿದಳು: “ಭಟ್ಟರೇ, ನಾನು ದಡ್ಡಿ. ಆದರೆ ತಾವು ಆತ್ಮ ಕಂಡೋರು, ಅಲ್ವೇ?”

“ಅದರಲ್ಲಿ ಸಂಶಯವೇನೇ? ನಾನು ದೇಹವಲ್ಲ. ನನಗೆ ಹೆಸರಿಲ್ಲ. ಎರಡನೆಯದು ಇಲ್ಲ.”

“ಹಾಗಾದರೆ ಸ್ವಾಮಿ,” ಗೋದಕ್ಕ ರಾಜನ ಕಡೆ ತಿರುಗಿದಳು, “ಹೋಗೋ ಮುಂಚೆ ನನಗೊಂದು ಪುಣ್ಯ ಕಟ್ಟಿಕೊಡಿ. ಆತ್ಮ ಕಂಡೋರು ಸಂನ್ಯಾಸ ತಗೊಂಡು, ತಮ್ಮ ಶ್ರಾದ್ಧ ತಾವೇ ಮಾಡಿಕೊಳ್ಳೋ ಪದ್ಧತಿ ನಮ್ಮಲ್ಲಿ ಇದೆಯಲ್ಲ. ತಮಗೆ ತಾವೇ ಪಿಂಡ ಇಟ್ಟುಕೊಂಡರೆ ಹಳೇ ಮನುಷ್ಯ ಸತ್ತ ಲೆಕ್ಕ. ಆಮೇಲೆ ರಾಜರೇ ಬಂದು ಕಾಲಿಗೆ ಬೀಳ್ತಿದ್ದರಂತೆ. ಇಂಥ ದೊಡ್ಡೋರ ಶ್ರಾದ್ಧದ ಅಡುಗೆ ನನ್ನ ಕೈಯಿಂದ ಆಗಲಿ.”

ಮಾತಿನ ಮಿಕ್ಕ ಭಾಗ ಶೇಷಂಭಟ್ಟನ ಕಿವಿಗೆ ಬೀಳಲೇ ಇಲ್ಲ. ‘ರಾಜರೇ ಕಾಲಿಗೆ’ ಅನ್ನುವಲ್ಲೇ ಅವನ ಮನಸ್ಸು ಕೂತುಬಿಟ್ಟಿತು. ಪಾಠ ಬಿಟ್ಟುಹೋದ ರಾಜ, ತುಂಬಿದ ಊರಿನ ಮುಂದೆ ತನ್ನ ಕಾಲಿಗೆ! “ಆಗಲಿ, ನಾಳೆಯೇ ಆಗಲಿ” ಅಂದ.

ಮಾರನೇ ದಿನ ಬೆಳಿಗ್ಗೆ ಹೊಳೆಯ ದಡದಲ್ಲಿ ಶೇಷಂಭಟ್ಟ ತಲೆ ಬೋಳಿಸಿಕೊಂಡು, ಜನಿವಾರವನ್ನು ನೀರಿಗೆ ಬಿಟ್ಟು, ತನ್ನ ಗೋತ್ರ, ತನ್ನ ಹೆಸರು ತಾನೇ ಹೇಳಿ ತನಗೆ ತಾನೇ ಪಿಂಡ ಇಟ್ಟುಕೊಂಡ. ಮಂತ್ರದಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ರಾಜ ಬಂದು ಉದ್ದಕ್ಕೆ ಅಡ್ಡಬಿದ್ದ. ಆ ಗಳಿಗೆಯಲ್ಲಿ ಶೇಷಂಭಟ್ಟನಿಗೆ ಆದ ಆನಂದ ಇದೆಯಲ್ಲ, ಅದೇ ಬ್ರಹ್ಮಾನಂದ ಅಂತ ಅವನು ಇವತ್ತಿಗೂ ವಾದ ಮಾಡಿಯಾನು.

ಆಮೇಲೆ ಎಲ್ಲರೂ ಛತ್ರಕ್ಕೆ ಊಟಕ್ಕೆ ಬಂದರು. ಉದ್ದಿನ ವಡೆಯ ಘಮ ಬಾಗಿಲಾಚೆಗೂ ಬರುತ್ತಿತ್ತು. ಶೇಷಂಭಟ್ಟ ಬಿರುಸಾಗಿ ನಡೆದು ಮೊದಲ ಎಲೆಯ ಹತ್ತಿರ ಹೋದ. ಅಲ್ಲಿ ಅನಂತ ಜೋಯಿಸ ಕೂತಿದ್ದ.

“ನನ್ನ ಎಲೆ?”

“ಹಿತ್ತಿಲಲ್ಲಿ ಇಟ್ಟಿದೀನಿ ಸ್ವಾಮಿ,” ಅಂದಳು ಗೋದಕ್ಕ, “ಸತ್ತೋರ ಪಾಲು ಕಾಗೆಗಲ್ವೇ? ಆಗಲೇ ನಾಲ್ಕು ಬಂದು ವಡೆ ಮುಗಿಸಿದವು.”

“ನಾನಿಲ್ಲಿ ಹಸಿದು ನಿಂತಿದ್ದರೆ ಕಾಗೆಗೆ ಹಾಕಿದೆಯಾ!”

“ಎರಡನೆಯದು ಇಲ್ಲ ಅಂದಮೇಲೆ ಕಾಗೆ ತಿಂದರೂ ತಾವೇ ತಿಂದ ಹಾಗಲ್ವೇ?”

ಅದು ಶಾಸ್ತ್ರಕ್ಕೆ ಸರಿಯಾಗಿತ್ತು. ಶೇಷಂಭಟ್ಟ ಉಗುಳು ನುಂಗಿಕೊಂಡು ಕಂಬಕ್ಕೆ ಒರಗಿದ.

ಅಷ್ಟರಲ್ಲಿ ಹೊಗಳುಭಟ ಎದ್ದು ನಿಂತ. ಪಂಕ್ತಿ ಶುರುವಾಗುವ ಮುಂಚೆ ಹಿರಿಯ ಪಂಡಿತನ ಬಿರುದು ಕೂಗುವುದು ಅಲ್ಲಿನ ರೂಢಿ. “ಸಕಲಶಾಸ್ತ್ರಪಾರಂಗತ, ಪ್ರತಿವಾದಿಗಜಸಿಂಹ” ಅಂತ ಶುರುಮಾಡಿದ. ಶೇಷಂಭಟ್ಟ ಅಭ್ಯಾಸಬಲದಿಂದ ಎದೆ ಮುಂದೆ ಮಾಡಿದ. “ಶ್ರೀಮದ್ ಅನಂತ ಜೋಯಿಸ!” ಅಂತ ಹೊಗಳುಭಟ ಮುಗಿಸಿದ.

ಶೇಷಂಭಟ್ಟ ಬಾಯಿ ತೆರೆದ. ಗೋದಕ್ಕ ಸಾರಿನ ಪಾತ್ರೆ ಹಿಡಿದು ಹಾದುಹೋಗುತ್ತಾ, “ಹೆಸರಿಲ್ಲದೋರಿಗೆ ಬಿರುದು ಎಲ್ಲಿ ಅಂಟಿಸೋದು ಸ್ವಾಮಿ?” ಅಂದಳು. ಅದೂ ಶಾಸ್ತ್ರಕ್ಕೆ ಸರಿಯಾಗಿತ್ತು. ಅವನು ಬಾಯಿ ಮುಚ್ಚಿದ. ಹಲ್ಲು ಕಡಿದದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

ಪಾಯಸದ ಹೊತ್ತಿಗೆ ಅನಂತ ಜೋಯಿಸನಿಗೆ ಒಂದು ಯೋಚನೆ ಬಂತು. ಶೇಷಂಭಟ್ಟ ಹನ್ನೆರಡು ವರ್ಷ ಕೂತು ಒಂದು ಗ್ರಂಥ ಬರೆದಿದ್ದ. ನೂರೆಂಟು ಗರಿ. ಹೆಸರು ‘ಅಹಂಕಾರಖಂಡನ’. ಅಹಂಕಾರ ಅನ್ನುವುದು ಹೇಗೆ ಸುಳ್ಳು ಅಂತ ಅದರಲ್ಲಿ ಪಟ್ಟಾಗಿ ಸಾಧಿಸಿ, ಒಂದೊಂದು ಗರಿಯ ಕೊನೆಗೂ ತನ್ನ ಹೆಸರು ಕೊರೆದಿದ್ದ.

“ಸತ್ತವರ ಆಸ್ತಿ ಬದುಕಿದ್ದವರಿಗೆ ತಾನೇ?” ಜೋಯಿಸ ಪಾಯಸ ಸುರಿಯುತ್ತಾ ಅಂದ, “ಆ ಗ್ರಂಥದಲ್ಲಿರೋ ಇವರ ಹೆಸರು ಹೆರೆದು ನನ್ನ ಹೆಸರು ಕೊರೆಸ್ತೀನಿ. ಎರಡನೆಯವರೇ ಇಲ್ಲದ ಮೇಲೆ ಯಾರ ಹೆಸರಾದರೇನು?”

“ಮುಟ್ಟಿದರೆ ನಿನ್ನ ಕೈ ಮುರೀತೀನಿ!” ಶೇಷಂಭಟ್ಟ ಎಗರಿ ಜೋಯಿಸನ ಜುಟ್ಟು ಹಿಡಿದ. ಪಾಯಸ ಚೆಲ್ಲಿತು. “ಅದು ನನ್ನ ಗ್ರಂಥ! ನನ್ನ ಹೆಸರು! ನಾನಿನ್ನೂ ಸತ್ತಿಲ್ಲ ಕಣೋ! ನಾನು ಶೇಷಂಭಟ್ಟ, ನಾನು! ನಾನು!”

ಗೋದಕ್ಕ ಸೌಟು ಕೆಳಗಿಟ್ಟಳು.

“ಸ್ವಾಮಿ,” ಅಂದಳು ರಾಜನಿಗೆ, “ನನ್ನ ಮೇಲೆ ದೂರು ಕೊಟ್ಟೋರು ಇವರು. ಇವರು ಸತ್ತಿದ್ದರೆ ದೂರೂ ಇವರ ಜೊತೆಗೇ ಸತ್ತಿತು. ಬದುಕಿದ್ದರೆ, ಆತ್ಮ ಕಂಡಿದೀನಿ ಅಂತ ತುಂಬಿದ ಸಭೆಯಲ್ಲಿ ಹೇಳಿದ್ದು ಸುಳ್ಳಾಯ್ತು. ತಾವೇ ಕಾಣದೋರು, ನಾನು ಕಂಡಿದೀನೋ ಇಲ್ವೋ ಅಂತ ಹೇಗೆ ಅಳೀತಾರೆ? ಎರಡರಲ್ಲಿ ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ.”

ಶೇಷಂಭಟ್ಟ ಜೋಯಿಸನ ಜುಟ್ಟು ಹಿಡಿದುಕೊಂಡೇ ಯೋಚಿಸಿದ. ಸತ್ತಿದ್ದೀನಿ ಅಂದರೆ ಗ್ರಂಥ ಹೋಗುತ್ತದೆ. ಬದುಕಿದ್ದೀನಿ ಅಂದರೆ ಮಾನ ಹೋಗುತ್ತದೆ. ಒಂದೊಂದು ಗರಿಯ ಕೊನೆಗೂ ಹೆಸರಿತ್ತಲ್ಲ, ಅದೇ ಗೆದ್ದಿತು. “ಬದುಕಿದ್ದೀನಿ” ಅಂದ, ಮೆಲ್ಲಗೆ.

“ಗೋದಕ್ಕ ಇಲ್ಲೇ ಇರಲಿ. ದೂರು ವಜಾ,” ಅಂದ ರಾಜ. ಪಂಡಿತರ ಮುಂದೆ ಅವನು ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು.

ಪಂಡಿತರಿಗೆ ಈಗ ಹೊಸ ಕೆಲಸ ಸಿಕ್ಕಿತು. ತನಗೆ ತಾನೇ ಪಿಂಡ ಇಟ್ಟುಕೊಂಡವನು ಮತ್ತೆ ಬದುಕುವುದಕ್ಕೆ ಯಾವ ಮಂತ್ರ? ಶಾಸ್ತ್ರದಲ್ಲಿ ಇದೆ ಅಂದರು ಕೆಲವರು, ಇಲ್ಲ ಅಂದರು ಕೆಲವರು, ಹುಡುಕಬೇಕು ಅಂದರು ಕೆಲವರು. ವಾದ ಜೋರಾಯಿತು. ಕಂಬದ ಹತ್ತಿರ ಬೋಳುತಲೆಯ ಶೇಷಂಭಟ್ಟ ಒಬ್ಬನೇ ಕೂತಿದ್ದ. ಅತ್ತ ಸತ್ತವರಲ್ಲೂ ಸೇರದೆ, ಇತ್ತ ಬದುಕಿದವರಲ್ಲೂ ಸೇರದೆ ಕೂತವನನ್ನು ನೋಡಿ ಗೋದಕ್ಕನಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಎಲೆ ತಂದು ಅವನ ಮುಂದೆ ಹಾಕಿದಳು.

“ಹಸಿವೇ ಭಟ್ಟರೇ?”

“ತುಂಬಾ ಹಸಿವಮ್ಮ.”

“ಯಾರಿಗೆ?”

ಇಡೀ ವೇದಾಂತ ಬಾಯಿಪಾಠ ಇದ್ದವನು ಬಾಯಿ ತೆರೆದ. ಈ ಪ್ರಶ್ನೆಗೆ ಹದಿನೇಳು ಉತ್ತರ ಅವನಿಗೆ ಬರುತ್ತಿದ್ದವು. ಹದಿನೇಳೂ ಬೇರೆಯವರದು ಅಂತ ಆಗ ಮೊದಲ ಸಲ ಅವನಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡ. ಕಣ್ಣಲ್ಲಿ ನೀರು ತುಂಬಿತು. ಗೋದಕ್ಕ ಬಿಸಿ ವಡೆ ಎರಡು ಹೆಚ್ಚಿಗೇ ಹಾಕಿದಳು.

ಇದರ ನೀತಿ ಏನು ಅಂದರೆ, ಶಾಸ್ತ್ರ ಓದಬೇಡಿ ಅಂತಲ್ಲ, ಚೆನ್ನಾಗಿ ಓದಿ. ಆದರೆ ‘ನಾನು ಯಾರು’ ಅಂತ ಒಂದು ಸಲವೂ ತನ್ನೊಳಗೆ ತಾನು ನೋಡಿಕೊಳ್ಳದವನಿಗೆ ಓದಿದ್ದೆಲ್ಲ ಅಹಂಕಾರಕ್ಕೆ ಗೊಬ್ಬರವಾಗುತ್ತದೆ. ನೋಡಿಕೊಂಡವನಿಗೆ ಓದು ಬಂದರೂ ಸರಿ, ಬಾರದಿದ್ದರೂ ಸರಿ. ಕೇಳಿದಿರಲ್ಲ? ತಲೆಯನ್ನೂ ಆಡಿಸಿದಿರಿ. ಮನೆಗೆ ಹೋಗಿ ಇದನ್ನೂ ಬಾಯಿಪಾಠ ಮಾಡಿಕೊಂಡು ಕೂರಬೇಡಿ ಮತ್ತೆ.