ಮುದ್ದ ಎಂಜಿನ್ ಇಳಿಸಿದ್ದು

ಶಿರಾದಿಂದ ಆಚೆ, ಹೆದ್ದಾರಿ ಪಕ್ಕದ ಒಂದು ಕೇರಿಯಲ್ಲಿ ಮುದ್ದ ಅಂತ ಒಬ್ಬ ಇದ್ದ. ಪೂರ್ತಿ ಹೆಸರು ಮುದ್ದರಂಗ. ಮೀಸೆ ದಪ್ಪ, ತೋಳು ದಪ್ಪ, ಬುದ್ಧಿ ಮಾತ್ರ ಸಣಕಲು. ಅವನ ತಾಯಿ ಹನುಮಕ್ಕನಿಗೆ ಅವನೊಬ್ಬನೇ ಮಗ. ಇಂಥವನು ಇನ್ನೊಬ್ಬ ಹುಟ್ಟಿದ್ದರೆ ಕೇರಿಗೆ ಕೇರಿಯೇ ಗುಳೆ ಹೋಗುತ್ತಿತ್ತು ಅಂತ ಹೇಳುವವರಿದ್ದಾರೆ. ಯಾರು ಹೇಳಿದ್ದು ಅಂತ ಮಾತ್ರ ಕೇಳಬೇಡಿ.

"ಹಾಲು ಉಕ್ಕುತ್ತೆ, ನೋಡ್ತಿರು ಮಗ" ಅಂದರೆ ಸಾಕು, ಮುದ್ದ ಒಲೆ ಮುಂದೆ ಕೂತು ನೋಡುವನು. ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ತಳ ಕಂಡ ಮೇಲೆ ಎದ್ದು ಬಂದು ಹೇಳುವನು: "ನೋಡ್ದೆ ಕಣವ್ವ. ಎಲ್ಲಾ ಉಕ್ತು!"

ಹೇಳಿದ್ದು ಅವನ ತಲೆಯೊಳಕ್ಕೆ ಹೋಗುತ್ತಿರಲಿಲ್ಲ ಅಂದುಕೊಳ್ಳಬೇಡಿ. ಹೋಗುತ್ತಿತ್ತು. ಹೋದದ್ದು ಹೊರಕ್ಕೆ ಬರುವ ದಾರಿ ಇರಲಿಲ್ಲ, ಅಷ್ಟೇ.

ಅವನ ಅಪ್ಪ ಚಿಕ್ಕರಂಗಯ್ಯ ಟ್ಯಾಕ್ಸಿ ಡ್ರೈವರು. ಬಿಳಿ ಅಂಬಾಸಿಡರ್ ಇಟ್ಟುಕೊಂಡು ಆ ಕಡೆಯ ಮದುಮಕ್ಕಳನ್ನೆಲ್ಲ ಹೊತ್ತು ತಿರುಗಿದವನು. ಈಗ ಎರಡೂ ಮಲಗಿದ್ದವು. ಕಾರು ಅಂಗಳದ ಬೇವಿನ ಮರದಡಿ ಎಂಜಿನ್ ಕೆಟ್ಟು ಮಲಗಿತ್ತು. ಚಿಕ್ಕರಂಗಯ್ಯ ಕಿಟಕಿ ಪಕ್ಕದ ಮಂಚದ ಮೇಲೆ ಎದೆ ಕೆಟ್ಟು ಮಲಗಿದ್ದ. ಡಾಕ್ಟರು ಹನುಮಕ್ಕನನ್ನ ಹೊರಗೆ ಕರೆದು ಹೇಳುವುದನ್ನ ಹೇಳಿಯಾಗಿತ್ತು.

ಒಂದು ದಿನ ಖಲಂದರ್ ಸಾಬರು ನೋಡಲು ಬಂದರು. ಊರ ದೊಡ್ಡ ಗ್ಯಾರೇಜಿನ ಮೇಸ್ತ್ರಿ, ಚಿಕ್ಕರಂಗಯ್ಯನ ಹಳೇ ಗೆಳೆಯ.

"ಸಾಬ್ರೇ, ನಾನು ಹೋದ್ಮೇಲೆ ಇವನಿಗೆ ಅನ್ನ ಹಾಕೋರ್ಯಾರು?" ಅಂದ ಚಿಕ್ಕರಂಗಯ್ಯ. "ನಿಮ್ಮ ಗ್ಯಾರೇಜಿಗೆ ಸೇರಿಸ್ಕಳಿ."

ಸಾಬರು ಮುದ್ದನನ್ನ ನೋಡಿದರು. ಮುದ್ದ ನಕ್ಕ.

"ಅರೆ ರಂಗಣ್ಣ, ನನ್ನ ಶೆಡ್ಡಲ್ಲಿ ಮೈಮರೆತ್ರೆ ಬೆರಳು ಹೋಗ್ತದೆ. ಇವನ ಬೆರಳು ತಗೊಂಡು ನಾನೇನು ಮಾಡ್ಲಿ?" ಕಿಟಕಿಯಾಚೆ ಮಲಗಿದ್ದ ಕಾರಿನ ಕಡೆ ನೋಡಿ ಹೇಳಿದರು: "ಒಂದು ಕೆಲಸ ಮಾಡು. ನಿನ್ನ ಕಾರಿಂದ ಎಂಜಿನ್ನು, ಗೇರ್‌ಬಾಕ್ಸು ಇವನೇ ಇಳಿಸ್ಲಿ. ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ. ಇಳಿಸಿ ನನ್ನ ಶೆಡ್ಡಿಗೆ ತರ್ಲಿ. ಅವತ್ತಿಂದ ಇವನು ನನ್ನ ಆಳು. ಇದು ನನ್ನ ಜಬಾನು, ಕೊಟ್ಟ ಮಾತು."

ಸಾಬರು ಹೋದ ಮೇಲೆ ಚಿಕ್ಕರಂಗಯ್ಯ ಹೆಂಡತಿಗೆ ಹೇಳಿದ, "ಇವನು ಎಂಜಿನ್ ಇಳಿಸೋವರೆಗೂ ನಾನು ಕಣ್ಮುಚ್ಚಲ್ಲ ಕಣೇ."

ಅವನು ಧೈರ್ಯಕ್ಕೆ ಅಂದದ್ದು. ಹನುಮಕ್ಕನಿಗೆ ಅದು ಬೇರೆ ಥರ ಕೇಳಿಸಿತು. ಎಂಜಿನ್ ಇಳಿದರೆ ಮಗ ಉಳಿದ. ಎಂಜಿನ್ ಇಳಿದರೆ ಗಂಡ ಹೋದ. ಯಾವ ದೇವರಿಗೆ ಏನಂತ ಹರಕೆ ಹೊರುವುದು?

ಮಾರನೇ ದಿನ ಕೆಲಸ ಶುರು. ಚಿಕ್ಕರಂಗಯ್ಯ ಕಿಟಕಿಯಿಂದ ಕೂಗಿದ, "ಮೊದಲು ಆಯಿಲ್ ಇಳಿಸೋ. ಕೆಳಗೆ ದಪ್ಪ ಬೋಲ್ಟೈತೆ, ಬಿಚ್ಚು."

ಮುದ್ದ ಕಾರಿನಡಿ ತೂರಿ ಅಂಗಾತ ಮಲಗಿದ. ಬೋಲ್ಟು ಬಿಚ್ಚಿದ. ಗೊಳಗೊಳ ಅಂತ ಆಯಿಲ್ ಸುರಿಯಿತು. ಮುಖದ ಮೇಲೆ ಸುರಿಯಿತು, ಮೀಸೆ ಮೇಲೆ ಸುರಿಯಿತು, ಹರಿದು ಹೋಗಿ ಹನುಮಕ್ಕ ಬಿಟ್ಟ ರಂಗೋಲಿ ನುಂಗಿತು. ಮುದ್ದ ಕದಲಲಿಲ್ಲ. ಬಿಚ್ಚು ಅಂದಿದ್ದರು, ಏಳು ಅಂದಿರಲಿಲ್ಲ.

"ಅಯ್ಯೋ ನಿನ್ ಮನೆ ಕಾಯ!" ಹನುಮಕ್ಕ ಹಣೆ ಚಚ್ಚಿಕೊಂಡಳು. "ಕೆಳಗೆ ಒಂದು ಬೋಗುಣಿ ಇಡೋದಲ್ವೇನ್ಲಾ? ಏನೇ ಬಿಚ್ಚಿದ್ರೂ ಕೆಳಗೆ ಬೋಗುಣಿ ಇಟ್ಟು ಬಿಚ್ಚು!"

"ಹ್ಞೂಂ ಕಣವ್ವ, ಇಡ್ತೀನಿ."

ಆಮೇಲೆ ಬಾನೆಟ್ಟಿನ ಸರದಿ. ಮೂತಿ ಮೇಲಿನ ಆ ದೊಡ್ಡ ತಗಡು ತೆಗೆಯದೆ ಎಂಜಿನ್ ಮೇಲಕ್ಕೆ ಬರುವುದಿಲ್ಲ. "ಬೋಲ್ಟು ಬಿಚ್ಚಿ ಬಾನೆಟ್ ತೆಗಿಯೋ" ಅಂತ ಅಪ್ಪ ಕೂಗಿದ. ಮುದ್ದ ನೇರ ಅಡುಗೆಮನೆಗೆ ಹೋದ. ಬೋಗುಣಿ ತಂದ. ಒಂದು ಸಾಲದು ಅಂತ ಇನ್ನೊಂದು ತಂದ. ಸೊಸೆ ಬಂದರೆ ಕೊಡಬೇಕು ಅಂತ ಹನುಮಕ್ಕ ಅಟ್ಟದ ಮೇಲಿಟ್ಟಿದ್ದ ತಾಮ್ರದ್ದನ್ನೂ ತಂದ. ಎಲ್ಲವನ್ನೂ ಕಾರಿನ ಮೂತಿ ಕೆಳಗೆ ಸಾಲಾಗಿ ಇಟ್ಟು ಬೋಲ್ಟು ಬಿಚ್ಚಿದ. ಬಾನೆಟ್ಟು ಜಾರಿ ಧಡಾರ್ ಅಂತ ಬಿತ್ತು. ಶಬ್ದಕ್ಕೆ ಶಿರಾ ಕೋಟೆಯ ಪಾರಿವಾಳಗಳೆಲ್ಲ ಎದ್ದುವಂತೆ. ಹೋಗಲಿ, ಬೇವಿನ ಮರದ ಕಾಗೆ ಎದ್ದದ್ದಂತೂ ನಿಜ. ಬೋಗುಣಿಗಳು ಹಪ್ಪಳ. ಬೋಲ್ಟುಗಳು ಉರುಳಿ ಚರಂಡಿ ಪಾಲು.

ಹನುಮಕ್ಕ ತಾಮ್ರದ ಹಪ್ಪಳವನ್ನ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಬೈಯಲಿಲ್ಲ. ಈ ಸಲ ಬೈದದ್ದು ಅಪ್ಪ.

"ಬೋಲ್ಟೆಲ್ಲೋ?"

"ಹೋದ್ವು ಅಪ್ಪಯ್ಯ."

"ಕತ್ತೆ! ಬಿಚ್ಚಿದ ಬೋಲ್ಟನ್ನ ಬಿಚ್ಚಿದ ತೂತಿಗೇ ಹಾಕಿ ತಿರುಗಿಸಿಡ್ಬೇಕು. ಗ್ಯಾರೇಜಿನ ಪದ್ಧತಿ ಅದು. ಒಂದು ಬೋಲ್ಟು ಕಳೆದ್ರೂ ಸಾಬ್ರು ಒದ್ದು ಓಡಿಸ್ತಾರೆ!"

"ಹ್ಞೂಂ ಅಪ್ಪಯ್ಯ, ಹಾಕ್ತೀನಿ."

ಅಷ್ಟು ಕೂಗಿದ್ದಕ್ಕೆ ಚಿಕ್ಕರಂಗಯ್ಯನಿಗೆ ಕೆಮ್ಮು ಹತ್ತಿ ಸಂಜೆವರೆಗೆ ಬಿಡಲಿಲ್ಲ. ಬೆನ್ನು ನೀವುತ್ತಾ ಹನುಮಕ್ಕ ಅಂದುಕೊಂಡಳು: ಇವತ್ತಿಗೆ ಎಂಜಿನ್ ಇಳಿಯಲಿಲ್ಲ. ಅಂದುಕೊಂಡು, ಮನಸ್ಸು ಹಗುರಾದದ್ದು ಗೊತ್ತಾಗಿ, ತನ್ನ ಬಾಯನ್ನ ತಾನೇ ಸೆರಗಿನಿಂದ ಒತ್ತಿ ಹಿಡಿದಳು.

ರೇಡಿಯೇಟರ್ ಬಿಚ್ಚಿದ್ದು, ಅದರ ನೀರನ್ನ ಚಪ್ಪಟೆಯಾದ ಬೋಗುಣಿಯಲ್ಲಿ ಹಿಡಿಯಲು ಹೋದದ್ದು, ಅದೆಲ್ಲ ಬೇಡ ಬಿಡಿ. ಅಂತೂ ಅದು ಹೊರಗೆ ಬಂತು. ಮುದ್ದ ಅಪ್ಪನ ಮಾತು ಮರೆಯದೆ ಅದರ ಬೋಲ್ಟುಗಳನ್ನ ಖಾಲಿ ತೂತುಗಳಿಗೆ ಹಾಕಿ ತಿರುಗಿಸಿಟ್ಟ. "ಭಲೇ!" ಅಂದ ಅಪ್ಪ. ಹುಟ್ಟಿದಾಗಿನಿಂದ ಆ ಮಾತು ಮುದ್ದ ಕೇಳಿದ್ದು ಅದೇ ಮೊದಲು.

ಕೊನೆಗೆ ದೊಡ್ಡ ಕೆಲಸ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕಾರಿಗೆ ಕಚ್ಚಿಸಿರುವ ಬೋಲ್ಟುಗಳನ್ನೆಲ್ಲ ಬಿಚ್ಚಬೇಕು. ಆಮೇಲೆ ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ, ಎರಡನ್ನೂ ಒಟ್ಟಿಗೇ ಎತ್ತಬೇಕು. ಸಾಬರು ಪುಲ್ಲಿ ಕಳಿಸಿಕೊಟ್ಟಿದ್ದರು.

ಮುದ್ದ ಬೆಳಗ್ಗೆಯೇ ಸ್ಪ್ಯಾನರ್ ಹಿಡಿದು ಕೂತ. ಟಿಕ್, ಟಿಕ್, ಟಿಕ್. ಒಂದು ಬೋಲ್ಟು ಬಿಚ್ಚುವನು, ಮೇಲೆತ್ತಿ ನೋಡುವನು, ಎಲ್ಲಿಂದ ಬಂತೋ ಅಲ್ಲಿಗೇ ಹಾಕುವನು. ಟಿಕ್, ಟಿಕ್, ಟಿಕ್. ಬಿಗಿ ತಿರುಗಿಸಿ ಮುಂದಿನದಕ್ಕೆ ಹೋಗುವನು.

ಒಳಗೆ ಚಿಕ್ಕರಂಗಯ್ಯ ಕಣ್ಣು ಮುಚ್ಚಿ ಕೇಳುತ್ತಿದ್ದ. "ಕೇಳ್ತೇನೇ? ಕೈ ಕುದುರ್‍ತು. ಸ್ಪ್ಯಾನರ್ ಹಿಡಿಯೋನ ಸದ್ದೇ ಬೇರೆ ಕಣೇ."

"ಹ್ಞೂಂ, ಕೇಳ್ತೈತೆ" ಅಂದಳು ಹನುಮಕ್ಕ. ಗಂಡನ ಕಾಲು ಒತ್ತುತ್ತಿದ್ದ ಕೈ ನಿಂತಿತು.

"ಎಲ್ಲಾ ಬಿಚ್ದೆ ಅಪ್ಪಯ್ಯ!" ಮುದ್ದ ಕೂಗಿದ.

"ಎಳಿ ಹಂಗಾದ್ರೆ!"

ಮುದ್ದ ಚೈನು ಎಳೆದ. ಎಳೆದ, ಎಳೆದ, ಎಳೆದ. ಕೊಂಬೆ ಕಿರ್ ಅಂದಿತು. ಕಾರಿನ ಮೂತಿ ಮೇಲೆದ್ದಿತು. ಎಂಜಿನ್ ಏಳಲಿಲ್ಲ, ಕಾರೇ ಎದ್ದಿತು! ಮುಂದಿನ ಗಾಲಿ ಎರಡೂ ನೆಲ ಬಿಟ್ಟು, ಅಂಬಾಸಿಡರ್ ಹಿಂಗಾಲ ಮೇಲೆ ನಿಂತ ಕರಡಿ ಹಾಗೆ ಕಿಟಕಿಗೆ ಇಣುಕಿತು.

ಚಿಕ್ಕರಂಗಯ್ಯ ಕಣ್ಣು ಬಿಟ್ಟು ನೋಡಿದ. ತನ್ನ ಕಾರು ತನ್ನನ್ನೇ ನೋಡುತ್ತಿತ್ತು. ಅವನಿಗೆ ಎಲ್ಲ ಅರ್ಥವಾಯಿತು. ಬೈಯಲು ಬಾಯಿ ತೆರೆದವನಿಗೆ ನಗು ಬಂತು. ನಕ್ಕ, ನಕ್ಕು ಕೆಮ್ಮಿದ, ಕೆಮ್ಮಿ ನಕ್ಕ. ಕಣ್ಣಲ್ಲಿ ನೀರಿಳಿಯಿತು. ನಗುವಿನ ನೀರು ಯಾವಾಗ ಮುಗಿಯಿತೋ, ಇನ್ನೊಂದು ಯಾವಾಗ ಶುರುವಾಯಿತೋ, ಹನುಮಕ್ಕನಿಗೂ ಗೊತ್ತಾಗಲಿಲ್ಲ.

"ಇಲ್ಲಿ ಬಾರೋ" ಅಂದ. ಮುದ್ದ ಬಂದು ಮಂಚದ ಪಕ್ಕ ಕೂತ. ಅಪ್ಪ ಅವನ ಆಯಿಲ್ ಮೆತ್ತಿದ ಕೈ ಹಿಡಿದುಕೊಂಡ.

"ನೋಡು ಮಗ. ಯಾವುದನ್ನಾದ್ರೂ ಎತ್ತೋ ಮುಂಚೆ ಸುತ್ತ ಒಂದು ಸುತ್ತು ಬರ್ಬೇಕು. ಎಲ್ಲಿ ಕಟ್ಟೈತೆ, ಎಲ್ಲಿ ಹಿಡ್ಕಂಡೈತೆ, ಕೈಯಾಡಿಸಿ ನೋಡ್ಬೇಕು. ಇದ್ರೆ ಬಿಡಿಸ್ಬೇಕು. ಒಂದೂ ಉಳೀಬಾರ್ದು. ಆಮೇಲೆ ಎತ್ತೋದು."

"ಯಾವಾಗ್ಲೂನಾ ಅಪ್ಪಯ್ಯ?"

"ಯಾವಾಗ್ಲೂ ಕಣಪ್ಪ."

"ಹ್ಞೂಂ ಅಪ್ಪಯ್ಯ. ಬಿಡಿಸ್ತೀನಿ."

ಮುದ್ದ ಕಾರನ್ನ ಕೆಳಗಿಳಿಸಿದ. ನಾಳೆ ಮತ್ತೆ ಬಿಚ್ಚೋಣ ಅಂದ ಅಪ್ಪ. ಮಾರನೇ ದಿನ ಬೆಳಕು ಹರಿದಾಗ ಹನುಮಕ್ಕ ಕಾಫಿ ತಂದಳು. ಚಿಕ್ಕರಂಗಯ್ಯ ಕಿಟಕಿ ಕಡೆ ಮುಖ ಮಾಡಿ ಮಲಗಿದ್ದ. ಎಂಜಿನ್ ಕಾರಿನಲ್ಲೇ ಇತ್ತು. ಅವನು ಇರಲಿಲ್ಲ.

ನೆಂಟರು ಬಂದರು. ಖಲಂದರ್ ಸಾಬರು ಬಂದರು. ಅಂಗಳ ದಾಟುವಾಗ ಕಾರಿನ ಒಳಗೆ ಒಮ್ಮೆ ಇಣುಕಿ, ಟೋಪಿ ಸರಿ ಮಾಡಿಕೊಂಡರು. ಅವರು ಇಣುಕಿದ್ದನ್ನ ಹನುಮಕ್ಕ ನೋಡಿದಳು. ಆಗ ಅವಳು ಅತ್ತ ಅಳು ಗಂಡನಿಗಷ್ಟೇ ಅಲ್ಲ.

ಬಿದಿರು ತಂದು ಅಂಗಳದಲ್ಲೇ ಚಟ್ಟ ಕಟ್ಟಿದರು. ಉದ್ದಕ್ಕೆ ಎರಡು ಗಳ, ಅಡ್ಡಕ್ಕೆ ಸೀಳು ಬಿದಿರು, ತೆಂಗಿನ ಹುರಿಯ ಕಟ್ಟು. ಚಿಕ್ಕರಂಗಯ್ಯನನ್ನ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಅವನನ್ನೂ ಹುರಿಯಿಂದ ಬಿಗಿದರು. ಮುದ್ದನ ಕೈಗೆ ಬೆಂಕಿಯ ಮಡಕೆ ಕೊಟ್ಟರು.

"ಹ್ಞೂಂ, ಎತ್ರಪ್ಪ, ಹೊತ್ತಾಯ್ತು" ಅಂದರು ಯಾರೋ.

"ಎತ್ತೋ ಮುಂಚೆ ಇರ್‍ರಿ!" ಅಂದ ಮುದ್ದ.

ಮಡಕೆ ಕೆಳಗಿಟ್ಟ. ಚಟ್ಟದ ಸುತ್ತ ಹೊರಟ. ಮಗ ಪ್ರದಕ್ಷಿಣೆ ಬರುತ್ತಿದ್ದಾನೆ ಅಂತ ಜನ ದಾರಿ ಬಿಟ್ಟರು. ಕಾಲ ಬಳಿ ಬಗ್ಗಿದ, ನಮಸ್ಕಾರ ಅಂದುಕೊಂಡರು. ಪಕ್ಕದಲ್ಲಿ ಕೂತ, ದುಃಖ ಅಂದುಕೊಂಡರು. ತಲೆ ಬಳಿ ಬಹಳ ಹೊತ್ತು ಬಗ್ಗಿದ್ದ. "ಪೆದ್ದ ಅಂತಿದ್ವಿ, ನೋಡ್ರೇ ಕರುಳು!" ಅಂತ ಹೆಂಗಸರು ಕಣ್ಣೊರೆಸಿಕೊಂಡರು.

ಸುತ್ತು ಮುಗಿಯುವಲ್ಲಿ ಹನುಮಕ್ಕ ಕೂತಿದ್ದಳು. ಬಿಳಿ ಬಟ್ಟೆಯ ಅಂಚನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು. ಮುದ್ದ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬೆರಳನ್ನ, ನೋಯದ ಹಾಗೆ, ಬಿಡಿಸಿದ.

"ಈಗ ಎತ್ತಿ" ಅಂದ.

"ಗೋವಿಂದಾ, ಗೋವಿಂದ!" ನಾಲ್ವರು ಹೆಗಲು ಕೊಟ್ಟರು. ಮುಂದಿನ ಎಡಗಡೆ ಹೆಗಲು ಸಾಬರದು. ಎಲ್ಲರ ಕಣ್ಣೂ ಮಂಜು, ಎಲ್ಲರ ತಲೆಯೂ ತಗ್ಗು. ಹೊರಟೇ ಬಿಟ್ಟರು.

"ಏನು ಹಗುರ ಆಗ್ಬಿಟ್ಟಿದ್ನಪ್ಪ ರಂಗಣ್ಣ!" ಅಂತ ಸಾಬರು ಬಿಕ್ಕಿದರು. "ಕಾಯಿಲೆ ಎಲ್ಲಾ ತಿಂದ್ಬಿಡ್ತಲ್ಲೋ!" ಹಿಂದಿನವರೂ ಗೊಳೋ ಅಂದರು. ಅಳುತ್ತಾ, ಗೋವಿಂದ ಅನ್ನುತ್ತಾ, ಬರೀ ಎರಡು ಬಿದಿರ ಗಳ ಹೊತ್ತು ಬೀದಿ ತಿರುವಿನವರೆಗೆ ಹೋದರು. ಹಿಂದೆ ಜನವೂ ಹೋಯಿತು.

ಅಂಗಳದಲ್ಲಿ ಹನುಮಕ್ಕ, ಮುದ್ದ, ಬಿಚ್ಚಿದ ಹುರಿ, ಚದುರಿದ ಸೀಳು ಬಿದಿರು. ನೆಲದ ಮೇಲೆ ಚಿಕ್ಕರಂಗಯ್ಯ. ಕೂಗಿ ಕರೆದಿದ್ದರೆ ಹೋದವರಿಗೆ ಕೇಳಿಸುತ್ತಿತ್ತು. ಹನುಮಕ್ಕ ಕೂಗಲಿಲ್ಲ. ಬಟ್ಟೆ ಸರಿಸಿ ಗಂಡನ ಮುಖ ನೋಡುತ್ತಾ ಕೂತಳು.

ತಿರುವಿನಲ್ಲಿ ಯಾರೋ ಕಿರುಚಿದರು. ಎಲ್ಲರೂ ಓಡೋಡಿ ಬಂದರು.

"ಯಾರೋ? ಯಾರೋ ಬಿಚ್ಚಿದ್ದು?" ಸಾಬರ ಹೆಗಲ ಮೇಲೆ ಗಳ ಇನ್ನೂ ಹಾಗೇ ಇತ್ತು.

"ನಾನೇ ಸಾಬ್ರೇ!" ಮುದ್ದ ಎದ್ದು ನಿಂತ. ಮುಖ ಅರಳಿತ್ತು. "ನಾನೊಬ್ನೇ ಬಿಚ್ಚಿದ್ದು, ಇನ್ನೊಬ್ರು ಕೈ ಹಾಕಿಲ್ಲ. ಒಂದೂ ಉಳ್ದಿಲ್ಲ, ಬೇಕಾದ್ರೆ ನೋಡ್ಕಳಿ." ಅಂಗೈ ಅಂಗಿಗೆ ಒರೆಸಿಕೊಂಡ. "ನಾಳೆಯಿಂದ ಗ್ಯಾರೇಜಿಗೆ ಬರ್ಲಾ?"