ಸೂಲಗಿತ್ತಿಯ ಉಸಿರು

“ಅಜ್ಜಾರ, ಊರ ಮಂದಿ ಎಲ್ಲಾ ಜ್ವರದಾಗ ಮಲಗಿರುವಾಗ ನಾ ನನ್ನ ಮೈ ನೋಡ್ಕೊಂತ ಕುಂತ್ರ ಅದು ಸ್ವಾರ್ಥ ಅಲ್ಲೇನ್ರಿ?”

ಹೀಗೆ ಕೇಳಿದವನು ಮಠದ ಶಿಷ್ಯ ಮುರಿಗಯ್ಯ. ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿ ಬಂದಿದ್ದರಿಂದ ಏದುಸಿರು ಬಿಡುತ್ತ ತೇಕುತ್ತಿದ್ದ. ಚಳಿ ಹೋಗಿ ಬಿಸಿಲು ಕಾಲಿಡುವ ದಿನಗಳು. ಮನೆಮನೆಯಲ್ಲೂ ಕೆಮ್ಮು, ಜ್ವರ. ಹನ್ನೊಂದು ದಿನದಿಂದ ಅವನು ಓಣಿ ಓಣಿಗೆ ಗಂಜಿ, ಕಷಾಯ ಹೊತ್ತು ತಿರುಗಿದ್ದ. ನೆನಪಾದಾಗ ಊಟ, ಸಿಕ್ಕಾಗ ನಿದ್ದೆ. ಆ ದಿನ ಬೆಳಿಗ್ಗೆ ರೋಗಿಯೊಬ್ಬನಿಗೆ ಗಂಜಿ ಕುಡಿಸುತ್ತಿರುವಾಗಲೇ ಕಣ್ಣು ಕತ್ತಲಿಟ್ಟು ಬಿದ್ದುಬಿಟ್ಟ. ಸುದ್ದಿ ಕೇಳಿದ ಗುರುಗಳು, ಐದು ದಿನ ಮಠ ಬಿಟ್ಟು ಹೊರಗೆ ಕಾಲಿಡಕೂಡದು ಎಂದು ಹೇಳಿ ಕಳುಹಿಸಿದರು. ಅದಕ್ಕೇ ಅವನು ಜಗಳಕ್ಕೆ ಬಂದಿದ್ದ.

ಗುರುಗಳು ಎದುರಿಗೆ ಕೂರುವಂತೆ ಕೈ ತೋರಿಸಿದರು. ಆಮೇಲೆ, ಒಂದೊಂದು ಮಾತಿಗೂ ನಿಧಾನವಾಗಿ ಉಸಿರೆಳೆದುಕೊಳ್ಳುತ್ತ, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಆ ಊರಿನ ಮಕ್ಕಳಲ್ಲಿ ಅರ್ಧಕ್ಕರ್ಧ ಅವಳ ಕೈಗೇ ಹುಟ್ಟಿದವರು. ಅವಳಿಗೆ ಅದರ ಹೆಮ್ಮೆ ಇತ್ತು, ಅದನ್ನು ಅವಳು ಮುಚ್ಚಿಡುತ್ತಿರಲಿಲ್ಲ. ಮುಚ್ಚಿಡಬೇಕಾದ ಹೆಮ್ಮೆಯೂ ಅದಲ್ಲ ಬಿಡು.

ಅವಳದೊಂದು ನೇಮ ಇತ್ತು. ಚಳಿಗಾಲ ತಿರುಗುವ ಹೊತ್ತಿಗೆ ಅವಳ ಮನೆಯ ಮುಂದಿನ ಹೊಂಗೆ ಮರ ಎಲೆ ಉದುರಿಸಿ ಬೋಳಾಗುತ್ತಿತ್ತು. ಅಂದಿನಿಂದ ಮರದಲ್ಲಿ ಚಿಗುರು ಕಾಣುವವರೆಗೆ ಅವಳು ಬಾಣಂತಿಯರಿಗೆ ನೀರು ಹಾಕಲು, ಕೂಸುಗಳಿಗೆ ಎಣ್ಣೆ ತಿಕ್ಕಲು ಯಾರ ಮನೆಗೂ ಹೋಗುತ್ತಿರಲಿಲ್ಲ. ಊರಿಗೆಲ್ಲ ಎಣ್ಣೆ ತಿಕ್ಕಿದ ಕೈಯಿಂದ ತನ್ನ ಕೈಕಾಲಿಗೆ ತಾನೇ ತಿಕ್ಕಿಕೊಳ್ಳುತ್ತಿದ್ದಳು. ಬಿಸಿನೀರು ಎರೆದುಕೊಳ್ಳುತ್ತಿದ್ದಳು. ತೆಳ್ಳನೆ ಅಂಬಲಿ ಕುಡಿದು ದೀಪ ಹಚ್ಚುವ ಹೊತ್ತಿಗೇ ಮಲಗುತ್ತಿದ್ದಳು. ಬೆಳಗಾದರೆ ಹೊಂಗೆಯ ಬುಡದಲ್ಲಿ ಕುಳಿತು, ಹಳ್ಳದ ಕಡೆಯಿಂದ ಬರುವ ಗಾಳಿಗೆ ಮುಖ ಕೊಟ್ಟು, ಸುಮ್ಮನೆ ಉಸಿರಾಡುತ್ತಿದ್ದಳು. ಹೆರಿಗೆಗೆ ಕರೆ ಬಂದರೆ ಮಾತ್ರ ಹೋಗುತ್ತಿದ್ದಳು. ಆಗಲೂ ಮರದ ಬುಡದಲ್ಲಿ ಒಂದು ಗಳಿಗೆ ಕೂತೇ ಏಳುವವಳು.

ಎಲೆಯಿಲ್ಲದ ಮರದ ಕೆಳಗೆ ನೆರಳು ಹುಡುಕುತ್ತಾಳೆ ಎಂದು ಊರವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಹದಿನೈದು ದಿನ ಈ ಮರ ಯಾರಿಗೂ ನೆರಳು ಕೊಡದೆ ತನ್ನ ಪಾಡಿಗೆ ತಾನು ನಿಂತಿರುತ್ತದೆ, ಅದನ್ನು ಸೋಮಾರಿ ಎಂದು ಯಾರೂ ಬೈಯಲಿಲ್ಲವಲ್ಲ ಎಂದು ಕೇಳುತ್ತಿದ್ದಳು. ಊರವರು ನಗುವುದನ್ನಂತೂ ಬಿಡಲಿಲ್ಲ.

ಒಂದು ವರ್ಷ, ಮರ ಬೋಳಾಗಿದ್ದ ದಿನಗಳಲ್ಲೇ, ಬೆಳಿಗ್ಗೆ ಮೇಲಿನ ಓಣಿಯ ರೈತನೊಬ್ಬ ಓಡಿ ಬಂದ. ಅವನ ಹೆಂಡತಿಗೆ ಚೊಚ್ಚಲು. ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಳು. ಹೊಸದಾಗಿ ಕೆಲಸ ಹಿಡಿದ ಕಿರಿಯ ಸೂಲಗಿತ್ತಿ ಅಲ್ಲೇ ಇದ್ದರೂ ಹೆರಿಗೆ ಆಗುತ್ತಿಲ್ಲ ಎಂದ. ಸೂಲಗಿತ್ತಿ ಎಲ್ಲವನ್ನೂ ಕೇಳಿಸಿಕೊಂಡಳು. ಅಂಬಲಿ ಕುಡಿದಳು, ಅವನಿಗೂ ಒಂದು ಬಟ್ಟಲು ಕೊಟ್ಟಳು. ಆಮೇಲೆ ಹೊಂಗೆಯ ಬುಡಕ್ಕೆ ಹೋಗಿ ಕಣ್ಣು ಮುಚ್ಚಿ ಕುಳಿತಳು. ರೈತನ ಕಾಲು ನಿಂತಲ್ಲಿ ನಿಲ್ಲಲಿಲ್ಲ.

ಮಗ ತಿರುಗಿ ಬರಲಿಲ್ಲವೆಂದು ಅವನ ತಾಯಿಯೂ ಹಿಂದೆಯೇ ಬಂದಳು. ಮರದ ಬುಡದಲ್ಲಿ ಕೂತವಳನ್ನು ನೋಡಿ ಅವಳ ಮೈ ಉರಿಯಿತು.

“ನನ್ನ ಸೊಸಿ ಅಲ್ಲಿ ಸಾಯಾಕತ್ತ್ಯಾಳ, ನೀ ಇಲ್ಲಿ ಗಾಳಿ ತಗೊಂತ ಕುಂತಿಯಲ್ಲ, ಎಷ್ಟರ ಸೊಕ್ಕು ನಿನಗ?”

ಸೂಲಗಿತ್ತಿ ಕಣ್ಣು ತೆರೆದಳು. ದನಿ ಏರಿಸಲಿಲ್ಲ.

“ಸೊಕ್ಕಂತನ ತಿಳ್ಕೋ ಯಕ್ಕಾ. ಒಂದ್ ವರ್ಷ ಇಂಥಾ ದಿನದಾಗ ಮೂರು ಮನಿ ಹೆರಿಗಿ ಮಾಡಿ ನಾಕನೇ ಮನಿಗೆ ಓಡಿ ಹೋದೆ. ಹೊಟ್ಟ್ಯಾಗ ಕೂಳಿಲ್ಲ, ಕಣ್ಣಿಗೆ ನಿದ್ದಿಲ್ಲ. ನಾ ತೇಕಿದಂಗ ಹೆರೋ ಆಕಿನೂ ತೇಕಿದ್ಲು. ಆಕಿ ಉಳೀಲಿಲ್ಲ. ಅವತ್ತಿನಿಂದ ನಾ ಯಾರ ಮನಿಗೂ ಓಡಿ ಹೋಗಿಲ್ಲ. ಅವತ್ತಿನಿಂದ ಒಬ್ಬ ತಾಯೀನೂ ಕಳಕೊಂಡಿಲ್ಲ.”

ಇಷ್ಟು ಹೇಳಿ ಎದ್ದಳು. ಓಡಲಿಲ್ಲ, ತಡವನ್ನೂ ಮಾಡಲಿಲ್ಲ. ತಾಯಿ ಮಗ ಇಬ್ಬರೂ ಅವಳ ಹೆಜ್ಜೆಗೇ ಹೆಜ್ಜೆ ಹಾಕಬೇಕಾಯಿತು.

ಮನೆಯೊಳಗೆ ಕಿರಿಯ ಸೂಲಗಿತ್ತಿ ಕೂದಲು ಕೆದರಿಕೊಂಡು ಕೂತಿದ್ದಳು. ಅವಳ ಕೈಗುಣದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಎರಡು ದಿನದಿಂದ ಮಲಗಿರಲಿಲ್ಲ. ಅವಳು ತೇಕುತ್ತ, ತಿಣುಕು ತಿಣುಕು ಎಂದು ಕೂಗುತ್ತಿದ್ದಳು. ಹೆರುವವಳೂ ಅವಳ ಹಾಗೆಯೇ ತೇಕುತ್ತಿದ್ದಳು. ಇದ್ದ ಶಕ್ತಿಯೆಲ್ಲ ಆ ತೇಕಿನಲ್ಲೇ ಸೋರಿಹೋಗಿತ್ತು. ನೋವು ಬಂದಾಗ ತಿಣುಕಲು ಏನೂ ಉಳಿದಿರಲಿಲ್ಲ. ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು.

ಸೂಲಗಿತ್ತಿ ಬಿಸಿನೀರಲ್ಲಿ ಕೈ ತೊಳೆದಳು. ಹೆರುವವಳ ಬೆನ್ನ ಹಿಂದೆ ಕುಳಿತು, ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡಳು. ಔಷಧಿ ಕೊಡಲಿಲ್ಲ, ಬುದ್ಧಿ ಹೇಳಲಿಲ್ಲ. ಹೊಂಗೆಯ ಬುಡದಲ್ಲಿ ಹೇಗೆ ಉಸಿರಾಡುತ್ತಿದ್ದಳೋ ಹಾಗೆಯೇ ಉಸಿರಾಡಿದಳು. ಮೊದಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹೆರುವವಳ ಭುಜ ಸೂಲಗಿತ್ತಿಯ ಎದೆಯ ಜೊತೆ ಏರಿತು, ಅವಳ ಎದೆಯ ಜೊತೆಗೇ ಇಳಿಯಿತು. ಎದುರಿಗಿದ್ದ ಕಿರಿಯವಳ ಕೂಗು ನಿಂತಿತು. ಬಾಗಿಲಲ್ಲಿ ಸಿಡುಕುತ್ತಿದ್ದ ಅತ್ತೆ ಕೂಡ ತನಗೆ ಗೊತ್ತಿಲ್ಲದೆ ದೊಡ್ಡದೊಂದು ಉಸಿರು ಬಿಟ್ಟು ಗೋಡೆಗೆ ಒರಗಿದಳು. ತೇಕುತ್ತಿದ್ದ ಮನೆಯೇ ತಣ್ಣಗಾಯಿತು. ಮುಂದಿನ ನೋವು ಬಂದಾಗ ಆ ಹುಡುಗಿಯ ಮೈಯಲ್ಲಿ ಅದಕ್ಕೆ ಬೇಕಾದ ಕಸುವಿತ್ತು.

ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಕೂಸು ಅತ್ತಿತು. ತಾಯಿ ನೀರು ಕೇಳಿ ಕುಡಿದಳು.

ಕಿರಿಯವಳು ಸೂಲಗಿತ್ತಿಯನ್ನು ಹಿತ್ತಲಿಗೆ ಕರೆದು, ಕೈಯಲ್ಲಿ ಯಾವ ಬೇರು ಮುಚ್ಚಿಟ್ಟುಕೊಂಡು ಬಂದಿದ್ದೆ ಎಂದು ಮೆಲ್ಲಗೆ ಕೇಳಿದಳು. ಮೊದಲು ಎರಡು ದಿನ ಹೊಟ್ಟೆ ತುಂಬ ಉಂಡು ಮಲಗು, ಆಮೇಲೆ ಹೊಂಗೆಯ ಬುಡಕ್ಕೆ ಬಾ ಎಂದಳು ಸೂಲಗಿತ್ತಿ. ಮೂರನೆಯ ದಿನ ಆ ಬೋಳು ಮರದ ಕೆಳಗೆ ಇಬ್ಬರು ಕೂತಿದ್ದರು. ಆ ಅತ್ತೆಯ ಮಾತೂ ಹೇಳಬೇಕು. ಮರುವರ್ಷದಿಂದ ಹೊಂಗೆ ಎಲೆ ಉದುರಿಸಿತೆಂದರೆ ಅವಳು ಸೂಲಗಿತ್ತಿಯ ಮನೆಗೆ ಒಂದು ತಂಬಿಗೆ ಎಣ್ಣೆ ತಂದಿಡುತ್ತಿದ್ದಳು. ಇದು ಕೂಸುಗಳಿಗಲ್ಲ, ನಿನ್ನ ಕೈಕಾಲಿಗೆ ಎಂದು ಹೇಳಿಯೇ ಕೊಡುತ್ತಿದ್ದಳು. ಆ ಎಣ್ಣೆಯನ್ನು ಸೂಲಗಿತ್ತಿ ತಲೆಯೆತ್ತಿಯೇ ತೆಗೆದುಕೊಳ್ಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗಯ್ಯನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

“ಕತಿ ಚಲೋ ಐತ್ರಿ ಅಜ್ಜಾರ. ಆದ್ರ ಖರೇ ಹೇಳ್ರಿ, ಒಬ್ಬರ ಉಸಿರು ಇನ್ನೊಬ್ಬರ ಮೈಗೆ ಹ್ಯಾಂಗ ಹೋದೀತ್ರಿ?” ಎಂದು ನಿಧಾನವಾಗಿ ಕೇಳಿದ.

ಗುರುಗಳು ಅವನ ಎದೆಯ ಕಡೆ ನೋಡಿ ನಕ್ಕರು.

“ತೇಕ್ಕೊಂತ ಬಂದಿದ್ದಿ ಮುರಿಗಯ್ಯಾ, ಈಗ ನಿನ್ನ ಉಸಿರು ಯಾರ ಉಸಿರಿನ ಕೂಡ ನಡದೈತಿ, ನೋಡ್ಕೋ.”